ಯಾರು ಒತ್ತುತ್ತಾರೆ ಎಂದು ಕೇಳುತ್ತಿದ್ದವರು

ಹೋದ ತಿಂಗಳು ದಾವಣಗೆರೆಗೆ ಹೋದಾಗ ಮಂಡಿಪೇಟೆಯ ಓಣಿಯಲ್ಲಿದ್ದ ರಿಮೋಟಿನ ಅಂಗಡಿಗೆ ಬೀಗ ಬಿದ್ದಿತ್ತು. ಊಟಕ್ಕೆ ಹೋಗಿರಬೇಕೆಂದು ಹತ್ತು ನಿಮಿಷ ಅಲ್ಲೇ ನಿಂತೆ. ಪಕ್ಕದ ಬಳೆ ಅಂಗಡಿಯಾಕೆ ನನ್ನನ್ನು ನೋಡಿ, ಅವರು ಅಂಗಡಿ ಬಿಟ್ಟು ಲೋಕಿಕೆರೆಗೆ ತಮ್ಮನ ಮನೆಗೆ ಹೋದರೆಂದು ಹೇಳಿದಳು. ಆರೋಗ್ಯಕ್ಕೆ ಏನೂ ಆಗಿಲ್ಲವಂತೆ. ಕೈ ಸ್ವಲ್ಪ ನಡುಗಲು ಶುರುವಾಗಿ ಸಣ್ಣ ಸ್ಕ್ರೂ ಹಿಡಿಯಲು ಬರುತ್ತಿರಲಿಲ್ಲವಂತೆ. ಅಳುಕದೆ ಅಂಜದೆ, ಒಂದು ದಿನ ಅಂಗಡಿ ಗುಡಿಸಿ, ಊದುಬತ್ತಿ ಹಚ್ಚಿ, ಬೀಗ ಹಾಕಿ ಹೊರಟರಂತೆ. ನನಗೆ ಪಿಚ್ಚೆನಿಸಿತು. ಅವರ ಹೆಸರು ಕೂಡ ನಾನು ಕೇಳಿಟ್ಟುಕೊಂಡಿರಲಿಲ್ಲ ಎಂಬುದು ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಅವರು ಮೊದಲಿನಿಂದಲೂ ‘ರಿಮೋಟಿನವರು’.

ಅಂಗಡಿಯೆಂದರೆ ಅಂಗಡಿಯೇ ಅಲ್ಲ, ಬಾಗಿಲು ತೆಗೆದಿಟ್ಟ ಬೀರು. ಅವರು ಒಳಗೆ ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಬೋರ್ಡಿನಲ್ಲಿ ‘ಎಲ್ಲಾ ತರಹದ ರಿಮೋಟುಗಳು ಸಿಗುತ್ತವೆ’ ಎಂದು ಬರೆಸಿದ್ದರು. ಬಿಸಿಲಿಗೆ ಮೊದಲನೇ ಪದದ ಬಣ್ಣ ಹಾರಿಹೋಗಿತ್ತು. ಮತ್ತೆ ಬರೆಸಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಎಲ್ಲಾ ಸಿಗುವುದಿಲ್ಲವಾದ್ದರಿಂದ ಈಗಿರುವುದೇ ಸರಿಯಾಗಿದೆ ಎಂದಿದ್ದರು. ಆಳು ಸಣ್ಣ, ಧ್ವನಿ ಮಾತ್ರ ಗುಡುಗು. ಹಣೆಯಲ್ಲಿ ವಿಭೂತಿ, ಅದರ ಮೇಲೆ ಏರಿಸಿಟ್ಟ ಕನ್ನಡಕ, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಎರಡು ಸ್ಕ್ರೂಡ್ರೈವರು. ಹುಡುಗರಾಗಿದ್ದಾಗ ಊರಿನ ಬಟ್ಟೆ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದವರು. ಗಿರಣಿ ಮುಚ್ಚಿದ ಮೇಲೆ ರೇಡಿಯೋ, ಆಮೇಲೆ ಟೇಪು, ಆಮೇಲೆ ಟೀವಿ. ಟೀವಿ ಬಿಚ್ಚಲಾರದಷ್ಟು ತೆಳ್ಳಗಾದ ಮೇಲೆ ರಿಮೋಟಿಗೆ ಬಂದು ನಿಂತರು.

ಗೋಡೆಯ ತುಂಬ ಮೊಳೆ ಹೊಡೆದು, ಪ್ರತಿ ಮೊಳೆಗೂ ರಬ್ಬರ್ ಬ್ಯಾಂಡಿನಲ್ಲಿ ರಿಮೋಟು ನೇತು ಹಾಕಿದ್ದರು. ಕಂಪನಿಯ ಹೆಸರಿನ ಪ್ರಕಾರ ಜೋಡಿಸುವ ಪದ್ಧತಿ ಅವರಲ್ಲಿರಲಿಲ್ಲ. ಮೈಕಿನ ಗುಂಡಿ ಇದ್ದು, ಮಾತಾಡಿದರೆ ಕೇಳಿಸಿಕೊಳ್ಳುವಂಥವು ‘ಬಾಯಿದ್ದವು’. ಬರೀ ಗುಂಡಿ ಇದ್ದವು ‘ಮೂಗರು’. ಮೂಲೆಯ ರಟ್ಟಿನ ಡಬ್ಬದಲ್ಲಿ, ಟೀವಿ ಕೆಟ್ಟು ಗುಜರಿಗೆ ಹೋಗಿ ಹಿಂದೆ ಉಳಿದ ರಿಮೋಟುಗಳಿದ್ದವು. ಅವು ತಬ್ಬಲಿಗಳು. ಯಾವುದಾದರೂ ತಬ್ಬಲಿಗೆ ಮನೆ ಸಿಕ್ಕಿದ ದಿನ ಅವರ ಮುಖ ನೋಡಬೇಕಿತ್ತು.

ಅವರಲ್ಲಿ ಹೋಗಿ ರಿಮೋಟು ಕೊಡಿ ಎಂದರೆ ಕೊಡುತ್ತಿರಲಿಲ್ಲ. ಮೊದಲ ಪ್ರಶ್ನೆ, ಮನೆಯಲ್ಲಿ ಅದನ್ನು ಯಾರು ಒತ್ತುತ್ತಾರೆ? ಎರಡನೆಯದು, ಹಳೆಯದು ಎಲ್ಲಿ? ಮುರಿದಿದ್ದರೂ ಸರಿ, ನಾಯಿ ಕಡಿದಿದ್ದರೂ ಸರಿ, ಅದನ್ನು ತಂದು ಟೇಬಲ್ಲಿನ ಮೇಲೆ ಇಟ್ಟ ಹೊರತು ಹೊಸದರ ಮಾತಿಲ್ಲ. ಒಮ್ಮೆ ಚೌಕಿಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ನನ್ನೆದುರಿಗೇ ಬಂದರು. ಅವಸರದಲ್ಲಿದ್ದರು. ಯಾರು ಒತ್ತುತ್ತಾರೆ ಎಂದು ಕೇಳಿದ್ದಕ್ಕೆ, ನಮ್ಮದು ದೊಡ್ಡ ಸಂಸಾರ, ಎಲ್ಲರೂ ಒತ್ತುತ್ತಾರೆ ಎಂದರು. “ಎಲ್ಲಾರೂ ಒತ್ತೋ ಮನ್ಯಾಗೆ ರಿಮೋಟು ಕೆಡೋದು ಕಮ್ಮಿ ಸಾಹುಕಾರ್ರೆ, ಕಳೆಯೋದು ಜಾಸ್ತಿ. ಸೋಫಾದ ಸಂದಿ ನೋಡೀರೇನು?” ಎಂದು ಹೇಳಿ ವಾಪಸ್ ಕಳಿಸಿಬಿಟ್ಟರು. ಸಾಹುಕಾರರು ಗೊಣಗುತ್ತಾ ಹೋದರು. ಆಮೇಲೆ ಅವರ ಅಂಗಡಿಯಿಂದ ಒಂದು ಪೊಟ್ಟಣ ಮಂಡಕ್ಕಿ ಮಿರ್ಚಿ ಬಂತಂತೆ. ಸೋಫಾದ ಸಂದಿಯಲ್ಲಿ ಎರಡು ರಿಮೋಟು ಸಿಕ್ಕಿದ್ದವಂತೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನಮ್ಮ ಅತ್ತೆಯ ದೆಸೆಯಿಂದ. ಹರಿಹರದ ನಮ್ಮ ಮನೆಯಲ್ಲಿರುವವರು ಮೂವರು. ಕಾರ್ಖಾನೆಗೆ ಹೋಗುವ ಯಜಮಾನರು, ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು, ಮತ್ತೆ ಅತ್ತೆ. ನಾವಿಬ್ಬರೂ ಮನೆ ಬಿಟ್ಟ ಮೇಲೆ ಅತ್ತೆ ತಾವೇ ಟೀವಿ ಹಾಕಿಕೊಂಡು, ಅದಕ್ಕೆ ಸಿಕ್ಕಿಸಿದ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಬೆಳಿಗ್ಗೆ ವಚನ ಗಾಯನ, ಮಧ್ಯಾಹ್ನ ಹಳೆಯ ಕಂಪನಿ ನಾಟಕಗಳನ್ನು ಕೇಳುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು ಯಾರ ಸಹಾಯವೂ ಇಲ್ಲದೆ ಆ ಪೆಟ್ಟಿಗೆ ನಡೆಸುತ್ತಾರೆಂದು ನಾನು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡಿದ್ದೇನೆ.

ಆಯುಧ ಪೂಜೆಯ ದಿನ ಯಜಮಾನರು ಬೈಕು ತೊಳೆದರು. ಅತ್ತೆ ಈಳಿಗೆ ಮಣೆ ತೊಳೆದರು, ಒನಕೆ ತೊಳೆದರು, ಕೊನೆಗೆ ಒಂದು ತಂಬಿಗೆ ನೀರು ಹಾಕಿ ರಿಮೋಟನ್ನೂ ತೊಳೆದರು. ತೊಳೆದು, ಹಸಿ ವಿಭೂತಿಯಲ್ಲಿ ಮೂರು ಬೆರಳು ಎಳೆದು, ನಡುವಿನ ಗುಂಡಿಗೆ ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿ ಸಾಲಿನಲ್ಲಿ ಕೂಡಿಸಿದರು. ನಾನು ಹೌಹಾರಿದೆ. ಅವರಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. ದಿನಾ ಕೈಯಲ್ಲಿ ದುಡಿಯುವ ಆಯುಧ, ತೊಳೆಯದೆ ಪೂಜೆ ಮಾಡುತ್ತಾರೇನು ಎಂದು ನನ್ನನ್ನೇ ಕೇಳಿದರು.

ರಿಮೋಟು ಮತ್ತೆ ಏಳಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅತ್ತೆ ಏಳಲಿಲ್ಲ. ಶಾಲೆಯಿಂದ ಬಂದರೆ ಕಪ್ಪು ಟೀವಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ನನ್ನ ಫೋನಿನಿಂದ ಹಾಕಿಕೊಡುತ್ತೇನೆಂದರೆ ಬೇಡ, ಸಂಜೆ ಮಗ ಹಾಕುತ್ತೇನೆಂದರೂ ಬೇಡ. ಇನ್ನೊಬ್ಬರ ಕೈ ಕಾಯುವ ಜಾಯಮಾನ ಅವರದಲ್ಲ. ಆ ಶನಿವಾರವೇ ನಾನು ದಾವಣಗೆರೆ ಬಸ್ಸು ಹತ್ತಿದೆ.

ರಿಮೋಟಿನವರು ವಾಡಿಕೆಯಂತೆ ಕೇಳಿದರು, ವಾಡಿಕೆಯಂತೆ ಬರಿಗೈಯಲ್ಲಿ ಕಳಿಸಿದರು. ನನಗೆ ಸಿಟ್ಟು ಬಂತು. ಒಂದು ಪ್ಲಾಸ್ಟಿಕ್ ತುಂಡಿಗೆ ಜಾತಕ ಬೇರೆ ಕೇಳುತ್ತಾರಲ್ಲ ಎಂದುಕೊಂಡೆ. ಮುಂದಿನ ಶನಿವಾರ ಹಳೆಯದನ್ನು ಒಯ್ದು ಅವರ ಮುಂದಿಟ್ಟೆ. ಗುಂಡಿಗಳ ಸಂದಿಯಲ್ಲಿ ವಿಭೂತಿ ಒಣಗಿ ಗಟ್ಟಿಯಾಗಿತ್ತು. ನಗುತ್ತಾರೆಂದು ಕಾದಿದ್ದೆ, ನಗಲಿಲ್ಲ. ಎರಡು ಕೈಯಲ್ಲಿ ತಗೊಂಡು, ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ನೋಡಿದರು. ಒಳಗೆ ಹಸಿರು ಕಿಲುಬು ಹಿಡಿದಿತ್ತು. ಇದರ ಆಯಸ್ಸು ಮುಗಿಯಿತು, ಆದರೆ ಮರ್ಯಾದೆಯಿಂದ ಹೋಗಿದೆ ಎಂದರು.

ಬದಲಿಗೆ ಮೂರು ತೋರಿಸಿದರು. ಒಂದು ಹಳೆಯದರ ನಕಲು, ದಪ್ಪನೆಯದು, ಮೂಗ. ಒಂದು ಎಲ್ಲ ಪೆಟ್ಟಿಗೆಗೂ ಹೊಂದುವಂಥದು, ಮೈತುಂಬ ಗುಂಡಿ. ಮೂರನೆಯದು ಹೊಸ ಮಾದರಿ, ತೆಳ್ಳಗೆ, ನುಣ್ಣಗೆ, ಬಾಯಿದ್ದದ್ದು. ನಾನು ಮೂರನೆಯದನ್ನು ಎತ್ತಿಕೊಂಡೆ. ವಯಸ್ಸಾದವರು ಹುಡುಕಿ ಹುಡುಕಿ ಒತ್ತುವುದಕ್ಕಿಂತ ಬಾಯಲ್ಲಿ ಹೇಳುವುದು ಸುಲಭವಲ್ಲವೇ ಎಂಬುದು ನನ್ನ ಲೆಕ್ಕ. ಅವರು ತಲೆ ತುರಿಸಿಕೊಂಡರು. “ಒಯ್ರಿ ಟೀಚರಮ್ಮ. ಮ್ಯಾಲಿನ ಹಾಳಿ ಹರಿಬ್ಯಾಡ್ರಿ. ಒಗ್ಗದಿದ್ರೆ ತಂದುಕೊಡ್ರಿ” ಎಂದರು. ಹೊಸ ರಿಮೋಟನ್ನು ಪೆಟ್ಟಿಗೆಯ ಪಕ್ಕ ಹಿಡಿದು ಮನೆಯ ಚಿತ್ರವಿರುವ ಗುಂಡಿಯನ್ನು ಹತ್ತು ಎಣಿಸುವ ತನಕ ಒತ್ತಿ ಜೋಡಿ ಮಾಡಬೇಕೆಂದು ಹೇಳಿಕೊಟ್ಟರು. ಹೊಸ ಸೊಸೆಗೆ ಮೊದಲ ದಿನ ಮನೆಯವರ ಪರಿಚಯ ಮಾಡಿಸಿದ ಹಾಗೆ, ಅವಸರ ಮಾಡಬಾರದಂತೆ.

ಪರಿಚಯವೇನೋ ಆಯಿತು, ಸಂಸಾರ ಕೂಡಲಿಲ್ಲ. ಎರಡೇ ದಿನಕ್ಕೆ ಅತ್ತೆ ಅದನ್ನು ಹಾಳೆಯೊಳಗೆ ಸೇರಿಸಿ ನನ್ನ ಕೈಗಿಟ್ಟರು. ಚೆಂದ ಇದೆ, ನೀನೇ ಇಟ್ಟುಕೋ ಎಂದರು. ಏನಾಯಿತೆಂದು ಎಷ್ಟು ಕೇಳಿದರೂ, ಭಾಳ ನಯ ಐತೆ ಎಂಬುದೊಂದೇ ಮಾತು. ನಯವಾಗಿರುವುದೂ ಒಂದು ದೋಷವೇ ಎಂದು ನಾನು ತಲೆ ಚಚ್ಚಿಕೊಂಡೆ.

ಮೂರನೇ ಸಲ ಹೋದಾಗ ಈ ಮಾತನ್ನು ರಿಮೋಟಿನವರಿಗೆ ಚಾಡಿ ಹೇಳಿದ ಹಾಗೆ ಹೇಳಿದೆ. ಅವರು ಹಣೆಯ ಮೇಲಿದ್ದ ಕನ್ನಡಕವನ್ನು ಇಳಿಸಿ ಒರೆಸಿಕೊಂಡರು. ಅಮ್ಮ ಒತ್ತುವಾಗ ರಿಮೋಟು ನೋಡುತ್ತಾರೋ, ಟೀವಿ ನೋಡುತ್ತಾರೋ ಎಂದು ಕೇಳಿದರು. ಎರಡೂ ಇಲ್ಲ, ಅವರಿಗೆ ಎಲ್ಲಾ ಬಾಯಿಪಾಠ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಭಾನುವಾರ ಹರಿಹರದಲ್ಲಿ ಅಕ್ಕನನ್ನು ನೋಡಲು ಬರುವುದಿದೆ, ಹಾಗೇ ನಿಮ್ಮ ಮನೆಗೂ ಬಂದು ಅಮ್ಮನ ಕೈ ನೋಡುತ್ತೇನೆ ಎಂದರು. ಕೈ ನೋಡುವುದೇನು, ಇವರೇನು ಜ್ಯೋತಿಷಿಗಳೇ ಎಂದು ಬಸ್ಸಿನಲ್ಲಿ ನಗು ಬಂತು.

ಹೇಳಿದಂತೆ ಬಂದರು. ಯಜಮಾನರು ಕಾರ್ಖಾನೆಯ ಪಾಳಿಗೆ ಹೋಗಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಆರೇಳು ರಿಮೋಟು. ಕುರ್ಚಿ ಕೊಟ್ಟರೆ ಬೇಡವೆಂದು ಅತ್ತೆಯ ಎದುರು ಚಾಪೆಯ ಮೇಲೆ ಕೂತರು. ಟೀವಿ ಹಾಕುವುದು ಬೇಡವೆಂದರು. ಒಂದೊಂದೇ ರಿಮೋಟನ್ನು ಅತ್ತೆಯ ಕೈಗೆ ಕೊಟ್ಟು, ದಿನಾ ಒತ್ತಿದ ಹಾಗೆ ಒತ್ತಿರಿ ಅಮ್ಮ ಎಂದರು. ಅತ್ತೆಯ ಹೆಬ್ಬೆರಳು ಓಡಾಡಿತು, ತುಟಿ ಒಳಗೊಳಗೇ ಅಲುಗಿತು. ಕೆಳಗೆ ಮೂರು, ಬಲಕ್ಕೆ ಎರಡು ಎಂದು ಎಣಿಸುತ್ತಿದ್ದರು. ಒಂದು ಸಲ ಅವರು ಬೇಕೆಂದೇ ರಿಮೋಟನ್ನು ತಲೆಕೆಳಗು ಮಾಡಿ ಕೊಟ್ಟರು. ಅತ್ತೆ ಕಣ್ಣು ಬಾಗಿಲ ಕಡೆಗಿಟ್ಟುಕೊಂಡೇ ಬೆರಳಾಡಿಸಿ ಅದನ್ನು ಸರಿಯಾಗಿ ತಿರುಗಿಸಿಕೊಂಡರು. ನಾನು ಇದನ್ನೆಲ್ಲ ನೋಡುತ್ತಲೇ ನಿಂತಿದ್ದೆ, ನನಗೆ ಏನೂ ಹೊಳೆಯಲಿಲ್ಲ. ರಿಮೋಟಿನವರು ನನ್ನ ಕಡೆ ತಿರುಗಿ ಚಹಾ ಸಿಗುತ್ತದೆಯೇ ಎಂದು ಕೇಳಿದರು.

ನಮ್ಮ ಅಡಿಗೆ ಮನೆಗೂ ನಡುಮನೆಗೂ ನಡುವೆ ಗೋಡೆ ಅರ್ಧವೇ ಇದೆ. ಅವರ ಧ್ವನಿಯೋ ತಗ್ಗಿಸಿದರೂ ಗುಡುಗು. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಿದ್ದ ನನಗೆ ಪ್ರತಿಯೊಂದು ಮಾತೂ ಕೇಳಿಸಿತು.

“ಎಷ್ಟು ದಿನದಿಂದ ಕಾಣವಲ್ದಮ್ಮ?”

ಅತ್ತೆ ಧ್ವನಿ ತಗ್ಗಿಸಿ, “ಎರಡು ವರ್ಷ ಆತು. ಬೆಳಕು ಕಾಣ್ತೈತೆ, ಮಂದಿ ನೆಳ್ಳು ಕಾಣ್ತೈತೆ. ಮಖ ಕಾಣಲ್ಲ” ಎಂದರು.

“ಮನ್ಯಾಗೆ ಗೊತ್ತಿಲ್ಲೇನ್ರಿ?”

“ಹೇಳಿದ್ರೆ ನನ್ನ ಒಲಿ ಮುಂದೆ ಕುಂದ್ರಾಕ ಬಿಡಲ್ಲ. ರೊಟ್ಟಿ ಬಡಿಯೋದು ತಪ್ಪಿಸ್ತಾರೆ. ಅದೊಂದು ಹೋದ್ರೆ ನಾ ಈ ಮನ್ಯಾಗೆ ಬರೇ ಕುಂತು ಉಣ್ಣಾಕಿ. ನೀವೂ ಹೇಳಬ್ಯಾಡ್ರಿ.”

“ನಾ ಹೇಳಂಗಿಲ್ಲ. ಅದು ನೀವು ಹೇಳೋ ಮಾತು. ಆದ್ರೆ ನೀವು ಹೇಳೋ ತನ ನಾನು ರಿಮೋಟು ಕೊಡಂಗಿಲ್ಲ.”

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ನಾನು ಹಿಂದಿನ ಬೆಂಚಿನ ಹುಡುಗ ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡಿದರೆ ಅಂದೇ ಅವರ ಅಪ್ಪನಿಗೆ ಫೋನು ಮಾಡುವವಳು. ಒಂದೇ ಮನೆಯಲ್ಲಿ, ದಿನಾ ಅವರ ಕೈಯ ರೊಟ್ಟಿ ತಿಂದುಕೊಂಡು, ನನಗೆ ಗೊತ್ತಾಗಿರಲಿಲ್ಲ. ರೊಟ್ಟಿ ಅಂಚಿನಲ್ಲಿ ಸೀದಾಗ ಹಿಟ್ಟಿನ ಗಿರಣಿಯವನನ್ನು ಬೈದಿದ್ದೆ. ಕುಂಕುಮದ ಭರಣಿ ಉರುಳಿಸಿದಾಗ ಅವಸರ ಯಾಕೆಂದು ಅವರನ್ನೇ ಬೈದಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿ ಚೆಲ್ಲಿದ ಹಾಲು ಒರೆಸತೊಡಗಿದೆ.

ಅತ್ತೆ ಗೋಡೆ ಹಿಡಿದು ಅಡಿಗೆ ಮನೆಗೆ ಬಂದರು. ನಾನೆಲ್ಲಿದ್ದೇನೆಂದು ಒಂದು ಗಳಿಗೆ ಹುಡುಕಿದರು. ಇಷ್ಟು ದಿನ ಹಾಗೆ ನಿಲ್ಲುವುದನ್ನು ನಾನು ವಯಸ್ಸೆಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯಂತೆ, ತಲೆ ತಗ್ಗಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿದರು. ನಾನು ಕೇಳಿಸಿಕೊಂಡಿದ್ದೇನೆಂದು ಹೇಳಲಿಲ್ಲ. ಕೊನೆಗೆ ಅವರು ನನ್ನ ಮೊಣಕೈ ಹಿಡಿದು, ಒಲಿ ಬಿಡಿಸಬ್ಯಾಡ ಎಂದರು. ಬಿಡಿಸುವುದಿಲ್ಲ ಎಂದು ಮಾತು ಕೊಟ್ಟೆ. ಮನೆಯಲ್ಲಿ ಯಜಮಾನರನ್ನು ಕೇಳದೆ ನಾನು ಕೊಟ್ಟ ಮಾತು ಅದೊಂದೇ.

ನಾವು ಚಹಾ ತಂದಾಗ ರಿಮೋಟಿನವರು ಕೆಲಸಕ್ಕೆ ಕೂತಿದ್ದರು. ಮೊದಲ ದಿನ ತೋರಿಸಿದ್ದರಲ್ಲ, ದಪ್ಪನೆಯ ಮೂಗ, ಅದನ್ನೇ ಆರಿಸಿದ್ದರು. ಅದರ ಗುಂಡಿಗಳು ಅವರೆಕಾಳಿನ ಹಾಗೆ ಎದ್ದು ನಿಂತಿದ್ದವು. ಒಂದು ಚಿಟಿಕೆ ಸಾಸಿವೆ ಕೇಳಿ ಇಸಕೊಂಡು, ನಡುವಿನ ಗುಂಡಿಯ ಮೇಲೆ ಒಂದು ಕಾಳು, ಮನೆಯ ಗುಂಡಿಯ ಮೇಲೆ ಎರಡು ಕಾಳು ಗಮ್ಮಿನಿಂದ ಅಂಟಿಸಿದರು. ಅಂಟು ಒಣಗುವ ತನಕ ಊದುತ್ತಾ ಕೂತರು. ಆಮೇಲೆ ಟೀವಿ ಹಾಕಿಸಿ ಅತ್ತೆಯ ಕೈಗೆ ಕೊಟ್ಟರು. ಕೆಳಗೆ ಮೂರು, ಬಲಕ್ಕೆ ಎರಡು, ಒಂದು ಸಾಸಿವೆ. ವಚನ ಶುರುವಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಕಣ್ಣಿನ ಬಗ್ಗೆ ರಿಮೋಟಿನವರು ನನ್ನ ಹತ್ತಿರ ಒಂದು ಮಾತೂ ಎತ್ತಲಿಲ್ಲ. ಹೊರಡುವಾಗ, ನಾನು ಇನ್ನೂ ಹಿಂತಿರುಗಿಸದೆ ಇಟ್ಟುಕೊಂಡಿದ್ದ ಆ ತೆಳ್ಳನೆಯ ಬಾಯಿದ್ದದ್ದನ್ನು ಮರೆಯದೆ ಚೀಲಕ್ಕೆ ಹಾಕಿಕೊಂಡರು, ಅದಕ್ಕೂ ಎಲ್ಲೋ ಒಂದು ಮನೆ ಇರುತ್ತದೆ ಎಂದರು.

ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎಡಗಣ್ಣಿನ ನರ ಸೋತುಹೋಗಿತ್ತು, ಅದಕ್ಕೆ ಮಾಡುವಂಥದ್ದು ಏನೂ ಇರಲಿಲ್ಲ. ಬಲಗಣ್ಣಿನಲ್ಲಿ ಪೊರೆ ಬಲಿತಿತ್ತು. ಅದನ್ನು ತೆಗೆದರು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಅತ್ತೆ ಮೊದಲು ಕಂಡದ್ದು ನನ್ನನ್ನು. ಬಹಳ ಹೊತ್ತು ನೋಡಿದರು. “ನಿನ್ನ ತಲಿ ಯಾವಾಗ ಹಿಂಗ ಬೆಳ್ಳಗಾತು? ನನಗ್ಯಾಕ ಹೇಳಲಿಲ್ಲ?” ಎಂದು ಗದರಿದರು. ಆಸ್ಪತ್ರೆಯೆಂಬುದನ್ನೂ ಮರೆತು ನಾನು ನಕ್ಕೆ, ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ಒಲೆಯ ವಿಷಯಕ್ಕೆ ಯಜಮಾನರು ಸ್ವಲ್ಪ ತಕರಾರು ತೆಗೆದರು. ತಾಯಿ ಕೈ ಸುಟ್ಟುಕೊಂಡರೆ ಎಂಬ ಭಯ. ಕೊಟ್ಟ ಮಾತಿನಂತೆ ನಾನು ಜಗಳಾಡಿದೆ, ಗೆದ್ದೆ. ಒಲೆಯನ್ನು ಕಿಟಕಿಯ ಬೆಳಕಿಗೆ ಸರಿಸಿದೆವು, ರೊಟ್ಟಿಯ ಹೊತ್ತನ್ನು ಹಗಲಿಗೆ ತಂದೆವು. ಅಷ್ಟಕ್ಕೆ ತಕರಾರು ಮುಗಿಯಿತು.

ರಿಮೋಟಿನವರು ಅಂಗಡಿ ಬಿಟ್ಟ ಸುದ್ದಿ ಹೇಳಿದಾಗ ಅತ್ತೆ ಲೋಕಿಕೆರೆಗೆ ಹೋಗಲೇಬೇಕೆಂದು ಹಟ ಹಿಡಿದರು. ಅವರ ಧ್ವನಿ ಕೇಳಿದ್ದರೇ ಹೊರತು ಮುಖ ಕಂಡಿರಲಿಲ್ಲ. ಹೋದ ಭಾನುವಾರ ಬೆಳಿಗ್ಗೆ ಬೇಗ ಎದ್ದು, ತಾವೇ ಹದಿನೈದು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡರು. ಮೂವರೂ ಹೊರಟೆವು.

ತಮ್ಮನ ಮನೆಯ ಪಡಸಾಲೆಯಲ್ಲಿ ರಿಮೋಟಿನವರು ಆರಾಮಾಗಿ ಕೂತಿದ್ದರು. ಬರ್ರಿ ಬರ್ರಿ, ಕೂಡ್ರಿ ಎಂದು ಗುಡುಗಿದರು. ಅತ್ತೆ ಹತ್ತಿರ ಹೋಗಿ ಬಲಗಣ್ಣಿನಿಂದ ಅವರನ್ನು ಮೇಲಿಂದ ಕೆಳಗೆ ನೋಡಿದರು. ಧ್ವನಿ ಕೇಳಿ ಪೈಲ್ವಾನರಿರಬೇಕು ಅಂದುಕೊಂಡಿದ್ದೆ, ಇಷ್ಟೇ ಇದ್ದೀರಲ್ಲ ಎಂದು ನಿರಾಸೆ ಮಾಡಿಕೊಂಡರು. ಎಲ್ಲರೂ ನಕ್ಕರು. ಬುತ್ತಿ ಬಿಚ್ಚಿ ಎಲ್ಲರ ಮುಂದೆ ತಟ್ಟೆ ಇಟ್ಟು ರೊಟ್ಟಿ ಹಾಕಿದ ಮೇಲೆ ಅತ್ತೆ ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತು ಕೇಳಿದರು. ಎರಡು ವರ್ಷ ಮನೆಯಲ್ಲಿ ಯಾರಿಗೂ ತಿಳಿಯದ್ದು ನಿಮಗೆ ಒಂದು ಗಳಿಗೆಯಲ್ಲಿ ಹೆಂಗೆ ತಿಳಿಯಿತು?

ರಿಮೋಟಿನವರು ರೊಟ್ಟಿ ಮುರಿಯುತ್ತಾ, “ಮನಿ ಮಂದಿ ಉಣ್ಣೋದ್ರಾಗೆ ಇರ್ತಾರೆ ಬಿಡ್ರಿ ಅಮ್ಮ. ಅವರಿಗೆಲ್ಲಿ ಕಾಣ್ತೈತೆ” ಎಂದರು.

ತಮಾಷೆಗೆ ಹೇಳಿದ ಮಾತು. ಯಜಮಾನರು ನಕ್ಕರು, ನಾನೂ ನಕ್ಕೆ. ಆದರೆ ಬಾಯಿಯ ತನಕ ಬಂದ ತುತ್ತು ಕೈಯಲ್ಲೇ ನಿಂತಿತು. ಅತ್ತೆ ಅದನ್ನು ನೋಡಿದರು.

“ಆಕಿಗೆ ಏನೂ ಅನಬ್ಯಾಡ್ರಿ. ಮುಚ್ಚಿಟ್ಟಾಕಿ ನಾನು” ಎಂದು, ಕೂತಲ್ಲಿಂದಲೇ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಎಸೆದರು. ರೊಟ್ಟಿ ತಟ್ಟೆಯ ನಟ್ಟ ನಡುವೆ ಬಿತ್ತು.